ಹೊಕ್ಕುಳಬಳ್ಳಿಯ ರಕ್ತ, ಅಸ್ಥಿಮಜ್ಜೆ, ಕೊಬ್ಬಿನ ಕೋಶ: ಯಾವ ಕಾಂಡಕೋಶ ಯಾವ ಕಾಯಿಲೆಗೆ?

ಪ್ರಶ್ನೆ: ನಮ್ಮ ಮೂರು ವರ್ಷದ ಮಗನಿಗೆ ಥಲಸ್ಸೇಮಿಯಾ ಮೇಜರ್, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತರೋಗದ ತೀವ್ರ ರೂಪ, ಇದೆ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸುತ್ತಿದ್ದೇವೆ. ನಾನೀಗ ಒಂಬತ್ತು ವಾರದ ಗರ್ಭಿಣಿ. ಹುಟ್ಟುವ ಮಗುವಿನ ಹೊಕ್ಕುಳಬಳ್ಳಿಯ ರಕ್ತವನ್ನು ಖಾಸಗಿ ಬ್ಯಾಂಕಿನಲ್ಲಿ ಇರಿಸಿದರೆ ಮಗ ಗುಣವಾಗುತ್ತಾನೆ, ಇಡೀ ಕುಟುಂಬಕ್ಕೆ ಎಂಬತ್ತು ಕಾಯಿಲೆಗಳಿಂದ ರಕ್ಷಣೆ ಸಿಗುತ್ತದೆ ಎಂದು ಕಂಪನಿಯೊಂದರ ಪ್ರತಿನಿಧಿ ಹೇಳುತ್ತಿದ್ದಾರೆ. ಇದೇ ಸಮಯದಲ್ಲಿ, ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿರುವ ನಮ್ಮ ಮಾವನವರಿಗೆ ಹೊಟ್ಟೆಯ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಚುಚ್ಚುಮದ್ದಾಗಿ ಕೊಡುತ್ತೇವೆಂದು ಒಂದು ಕ್ಲಿನಿಕ್‌ನವರು ಹೇಳಿದ್ದಾರೆ. ಇವೆರಡೂ ಒಂದೇ ಬಗೆಯ ಚಿಕಿತ್ಸೆಯೇ? ಯಾವುದಕ್ಕೆ ಹಣ ಹೊಂದಿಸಬೇಕು?

ಉತ್ತರ: ಎರಡೂ ಒಂದೇ ಬಗೆಯ ಚಿಕಿತ್ಸೆಯಲ್ಲ. ನಿಮ್ಮ ಮಗನ ಕಾಯಿಲೆಯನ್ನು ಬುಡದಿಂದ ಗುಣಪಡಿಸಲು ಇಂದು ನಮ್ಮ ದೇಶದಲ್ಲಿ ಕೈಗೆಟಕುವ ಸಾಬೀತಾದ ದಾರಿ ರಕ್ತದ ಕಾಂಡಕೋಶಗಳ (ಸ್ಟೆಮ್ ಸೆಲ್) ಕಸಿಯೊಂದೇ. ಮಾವನವರ ಪಾರ್ಶ್ವವಾಯುವಿಗೆ ಕಾಂಡಕೋಶಗಳಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಈವರೆಗೆ ಆಧಾರ ದೊರೆತಿಲ್ಲ, ಹಾಗಾಗಿ ಅದಕ್ಕೆ ಹಣ ಕೊಡಬೇಡಿ. ಹೊಕ್ಕುಳಬಳ್ಳಿಯ ರಕ್ತದ ವಿಚಾರ ಇವೆರಡರ ನಡುವೆ ಇದೆ. ನಿಮ್ಮ ಕುಟುಂಬದಲ್ಲಿ ಅದಕ್ಕೆ ನಿಜವಾದ ಬೆಲೆ ಇರಬಹುದು, ಆದರೆ ಪ್ರತಿನಿಧಿ ಹೇಳಿದ ಕಾರಣಗಳಿಗಾಗಿ ಅಲ್ಲ. ಇವೆಲ್ಲಕ್ಕಿಂತ ಮುಂಚೆ ನೀವು ಮಾಡಬೇಕಾದ ಕೆಲಸವೊಂದಿದೆ ಮತ್ತು ಅದಕ್ಕೆ ಸಮಯದ ಮಿತಿ ಇರುವುದರಿಂದ ಅದನ್ನೇ ಮೊದಲು ಹೇಳುತ್ತೇನೆ.

ನೀವು ಮತ್ತು ನಿಮ್ಮ ಪತಿ ಇಬ್ಬರೂ ಥಲಸ್ಸೇಮಿಯಾ ವಾಹಕರು, ಅಂದರೆ ದೋಷವುಳ್ಳ ಜೀನಿನ ಒಂದು ಪ್ರತಿಯನ್ನು ಹೊತ್ತಿದ್ದರೂ ಕಾಯಿಲೆ ಇಲ್ಲದವರು. ಹೀಗಾಗಿ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಮೇಜರ್ ರೂಪ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದಿದೆ, ಎರಡನೆಯದಕ್ಕೆ ಬರಲಾರದು ಎಂದು ಮನೆಯ ಹಿರಿಯರು ಸಮಾಧಾನ ಹೇಳಬಹುದು, ಆದರೆ ವಂಶವಾಹಿಗಳು ಹಿಂದಿನ ಲೆಕ್ಕವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಗರ್ಭದ 11ನೆಯ ವಾರದಿಂದ 13ನೆಯ ವಾರದೊಳಗೆ ಬೆಳೆಯುತ್ತಿರುವ ಮಾಸುವಿನಿಂದ ಸಣ್ಣ ಚೂರನ್ನು ತೆಗೆದು, ಭ್ರೂಣಕ್ಕೆ ಕಾಯಿಲೆ ಇದೆಯೇ ಎಂದು ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದು. ಇದನ್ನು ಸಿವಿಎಸ್ ಎನ್ನುತ್ತಾರೆ. ಲಿಂಗಪತ್ತೆಯನ್ನು ನಿಷೇಧಿಸಿರುವ ಕಾನೂನು ಇಂತಹ ರಕ್ತರೋಗಗಳ ಪತ್ತೆಗೆ ಅಡ್ಡಿಯಲ್ಲ. ಆದರೆ ಆ ಪರೀಕ್ಷೆ ನಡೆಯಬೇಕಾದರೆ ನಿಮ್ಮಿಬ್ಬರಲ್ಲಿ ಮತ್ತು ನಿಮ್ಮ ಮಗನಲ್ಲಿ ಹಿಮೋಗ್ಲೋಬಿನ್ನಿನ ಒಂದು ಭಾಗವನ್ನು ತಯಾರಿಸುವ ಬೀಟಾ ಗ್ಲೋಬಿನ್ ಜೀನಿನ ಯಾವ ದೋಷಗಳಿವೆ ಎಂಬುದು ಮೊದಲೇ ಗೊತ್ತಿರಬೇಕು. ಆ ವರದಿ ಬರಲು ದಿನಗಳು ಹಿಡಿಯುತ್ತವೆ. ಆದ್ದರಿಂದ ಬ್ಯಾಂಕಿನ ಪ್ರತಿನಿಧಿಯೊಂದಿಗೆ ಮಾತನಾಡುವ ಮೊದಲು ಈ ವಾರವೇ ತಳಿವಿಜ್ಞಾನ ತಜ್ಞರನ್ನು ಕಾಣಿರಿ. ಫಲಿತಾಂಶ ಬಂದ ಮೇಲೆ ಏನು ಮಾಡಬೇಕೆಂಬ ನಿರ್ಧಾರ ನಿಮ್ಮಿಬ್ಬರದೇ, ಅದನ್ನು ನಿಮ್ಮ ಮೇಲೆ ಹೇರುವ ಅಧಿಕಾರ ವೈದ್ಯರಿಗಾಗಲಿ ಬಂಧುಗಳಿಗಾಗಲಿ ಇಲ್ಲ.

ಇನ್ನು ಕಾಂಡಕೋಶ, ಅಂದರೆ ಸ್ಟೆಮ್ ಸೆಲ್ ಎಂದರೇನು ಎಂಬುದಕ್ಕೆ ಬರೋಣ. ನಮ್ಮ ದೇಹದಲ್ಲಿ ಸವೆದುಹೋಗುವ ಅಂಗಾಂಶಗಳಿಗೆ ಹೊಸ ಕೋಶಗಳು ಬೇಕು. ವಯಸ್ಕರೊಬ್ಬರ ಅಸ್ಥಿಮಜ್ಜೆ, ಅಂದರೆ ಮೂಳೆಯೊಳಗಿನ ಮೆದು ಅಂಗಾಂಶ, ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಇಷ್ಟು ಉತ್ಪಾದನೆ ಬದುಕಿನುದ್ದಕ್ಕೂ ನಡೆಯಬೇಕಾದರೆ ಮೂಲದಲ್ಲಿರುವ ಕೋಶ ಖಾಲಿಯಾಗಬಾರದು. ಬೆಳೆದ ಭತ್ತದಲ್ಲಿ ಒಂದು ಪಾಲನ್ನು ಬಿತ್ತನೆಗೆಂದು ಎತ್ತಿಟ್ಟು ಉಳಿದದ್ದನ್ನು ಊಟಕ್ಕೆ ಬಳಸುವ ರೈತನಂತೆ, ಕಾಂಡಕೋಶ ವಿಭಜನೆಗೊಂಡಾಗ ತನ್ನಂತಹದೇ ಕೋಶಗಳನ್ನು ಉಳಿಸಿಕೊಳ್ಳುತ್ತ, ಜೊತೆಗೇ ದುಡಿದು ಸಾಯುವ ಕೋಶಗಳನ್ನೂ ಹುಟ್ಟಿಸುತ್ತದೆ. ಇವೆರಡೂ ಗುಣಗಳು ಕೂಡಿದ್ದರೆ ಮಾತ್ರ ಅದು ಕಾಂಡಕೋಶ. ರಕ್ತವನ್ನು ಹುಟ್ಟಿಸುವ ಇಂತಹ ಕೋಶಗಳಿವೆ ಎಂಬುದನ್ನು 1960ರ ದಶಕದ ಆರಂಭದಲ್ಲಿ ಕೆನಡಾದ ಟೊರಾಂಟೋದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲೋ ಅವರು ಇಲಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿಕೊಟ್ಟರು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಅದರಲ್ಲಿಯೇ ಇದೆ. ಬೆಳೆದ ದೇಹದಲ್ಲಿರುವ ಕಾಂಡಕೋಶಗಳು ತಮ್ಮ ತಮ್ಮ ಮನೆಯ ಕೆಲಸವನ್ನಷ್ಟೇ ಮಾಡುತ್ತವೆ. ರಕ್ತದ ಕಾಂಡಕೋಶ ರಕ್ತವನ್ನು ಕಟ್ಟುತ್ತದೆ, ಚರ್ಮದ್ದು ಚರ್ಮವನ್ನು ಕಟ್ಟುತ್ತದೆ, ಕರುಳಿನದು ಕರುಳಿನ ಪದರವನ್ನು ಕಟ್ಟುತ್ತದೆ. ಅಸ್ಥಿಮಜ್ಜೆಯ ಕೋಶವನ್ನು ಹೃದಯಕ್ಕೆ ಚುಚ್ಚಿದರೆ ಹೃದಯದ ಸ್ನಾಯುವಾಗುತ್ತದೆ, ಮೆದುಳಿಗೆ ಕಳಿಸಿದರೆ ನರಕೋಶವಾಗುತ್ತದೆ ಎಂಬ ಆಸೆ ಈ ಶತಮಾನದ ಮೊದಲ ವರ್ಷಗಳಲ್ಲಿ ವಿಜ್ಞಾನಿಗಳಲ್ಲಿಯೂ ಇತ್ತು. ಆ ಆಸೆ ಫಲಿಸಲಿಲ್ಲ. ಹೃದಯದಲ್ಲಿ ಕಾಂಡಕೋಶಗಳಿವೆ ಎಂದು ಸಾಲುಸಾಲಾಗಿ ಪ್ರಕಟವಾಗಿದ್ದ ಒಂದು ಪ್ರಯೋಗಾಲಯದ 31 ಲೇಖನಗಳನ್ನು ಹಿಂತೆಗೆದುಕೊಳ್ಳುವಂತೆ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಸಹ ಆಸ್ಪತ್ರೆ 2018ರಲ್ಲಿ ಪತ್ರಿಕೆಗಳನ್ನು ಕೇಳಿಕೊಳ್ಳಬೇಕಾಯಿತು. ವಿಜ್ಞಾನ ಆ ದಾರಿಯನ್ನು ಬಿಟ್ಟು ಮುಂದೆ ಹೋಯಿತು, ಜಾಹೀರಾತುಗಳು ಮಾತ್ರ ಅಲ್ಲಿಯೇ ನಿಂತಿವೆ.

ನಿಮ್ಮ ಮಗನ ವಿಷಯದಲ್ಲಿ ಕಾಂಡಕೋಶ ಮತ್ತು ಕಾಯಿಲೆ ಒಂದೇ ಮನೆಯವು. ಥಲಸ್ಸೇಮಿಯಾದಲ್ಲಿ ದೋಷವಿರುವುದು ಹಿಮೋಗ್ಲೋಬಿನ್ ತಯಾರಿಸುವ ಜೀನಿನಲ್ಲಿ. ಆ ದೋಷವನ್ನು ಹೊತ್ತ ರಕ್ತದ ಕಾಂಡಕೋಶಗಳನ್ನು ಪ್ರಬಲ ಔಷಧಗಳಿಂದ ತೆರವುಗೊಳಿಸಿ, ಆರೋಗ್ಯವಂತ ದಾನಿಯ ಕಾಂಡಕೋಶಗಳನ್ನು ರಕ್ತನಾಳದ ಮೂಲಕ ಕೊಟ್ಟರೆ ಅವು ತಾವಾಗಿಯೇ ಮೂಳೆಯೊಳಗಿನ ಮಜ್ಜೆಯನ್ನು ಹುಡುಕಿಕೊಂಡು ಹೋಗಿ ನೆಲೆಸಿ, ಕೆಲವು ವಾರಗಳಲ್ಲಿ ಹೊಸ ರಕ್ತವನ್ನು ಕೊಡಲಾರಂಭಿಸುತ್ತವೆ. ಇದು ಇಂದಿನ ನಿನ್ನೆಯ ಪ್ರಯೋಗವಲ್ಲ. ಇದಕ್ಕೆ ಬುನಾದಿ ಹಾಕಿದ ಅಮೆರಿಕದ ಡಾ. ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಬಂತು. ಭಾರತದಲ್ಲಿ ಮೊದಲ ಕಸಿ ನಡೆದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಲ್ಲಿ ಆರಂಭವಾದ ಕಸಿ ಕಾರ್ಯಕ್ರಮ ಥಲಸ್ಸೇಮಿಯಾದ ಮಕ್ಕಳ ಚಿಕಿತ್ಸೆಯಲ್ಲಿ ದೇಶಕ್ಕೆ ದಾರಿ ತೋರಿಸಿತು. ಎಳೆಯ ವಯಸ್ಸಿನಲ್ಲಿ, ಯಕೃತ್ತು ಹಾಳಾಗುವ ಮೊದಲು, ಪೂರ್ಣವಾಗಿ ಹೊಂದುವ ಒಡಹುಟ್ಟಿದವರ ಮಜ್ಜೆಯಿಂದ ಕಸಿ ಮಾಡಿದಾಗ ಒಳ್ಳೆಯ ಕೇಂದ್ರಗಳಲ್ಲಿ ಹತ್ತು ಮಕ್ಕಳಲ್ಲಿ ಒಂಬತ್ತರಷ್ಟು ಬದುಕುಳಿಯುತ್ತಾರೆ, ಅವರಲ್ಲಿ ಹೆಚ್ಚಿನವರು ರಕ್ತ ಹಾಕಿಸಿಕೊಳ್ಳುವ ಬದುಕಿನಿಂದ ಹೊರಬರುತ್ತಾರೆ.

ಅಪಾಯಗಳನ್ನೂ ಮುಚ್ಚಿಡಬಾರದು. ಕಸಿಗೆ ಮುನ್ನ ಕೊಡುವ ಔಷಧಗಳಿಂದ ಕೆಲವು ವಾರಗಳ ಕಾಲ ಮಗುವಿಗೆ ಸೋಂಕನ್ನು ಎದುರಿಸುವ ಶಕ್ತಿಯೇ ಇರುವುದಿಲ್ಲ, ಮುಂದೆ ಸಂತಾನಶಕ್ತಿ ಕುಂದಬಹುದು. ದಾನಿಯ ಕೋಶಗಳು ಮಗುವಿನ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ದಾಳಿ ಮಾಡಬಹುದು. ಇದನ್ನು ಜಿವಿಎಚ್‌ಡಿ ಎನ್ನುತ್ತಾರೆ. ಕೆಲವೊಮ್ಮೆ ಕಸಿ ಹಿಡಿಯುವುದೇ ಇಲ್ಲ. ಈ ಎಲ್ಲ ಅಪಾಯಗಳನ್ನು ಕಡಿಮೆ ಮಾಡುವ ಅತಿ ಮುಖ್ಯ ಅಂಶವೆಂದರೆ ದಾನಿ ಮತ್ತು ರೋಗಿಯ ಕೋಶಗಳ ಮೇಲಿರುವ, ತನ್ನದು ಯಾವುದು ಪರಕೀಯ ಯಾವುದು ಎಂದು ದೇಹ ತಿಳಿಯಲು ಬಳಸುವ ಎಚ್‌ಎಲ್‌ಎ ಗುರುತುಗಳು ಹೊಂದುವುದು. ಇದು ರಕ್ತದ ಗುಂಪಿಗಿಂತ ಬೇರೆಯಾದದ್ದು. ಎ, ಬಿ, ಒ ಗುಂಪು ಬೇರೆಯಾಗಿದ್ದರೂ ಕಸಿ ಸಾಧ್ಯ, ಎಚ್‌ಎಲ್‌ಎ ಹೊಂದದಿದ್ದರೆ ಕಷ್ಟ.

ಈಗ ಹುಟ್ಟಲಿರುವ ಮಗು ದಾನಿಯಾಗುವ ಲೆಕ್ಕವನ್ನು ನೋಡಿ. ಒಡಹುಟ್ಟಿದವರ ಎಚ್‌ಎಲ್‌ಎ ಪೂರ್ಣವಾಗಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗುವಿಗೆ ಥಲಸ್ಸೇಮಿಯಾ ಮೇಜರ್ ಇಲ್ಲದಿರುವ ಸಾಧ್ಯತೆ ನಾಲ್ಕರಲ್ಲಿ ಮೂರು. ಎಚ್‌ಎಲ್‌ಎ ಜೀನುಗಳು 6ನೆಯ ವರ್ಣತಂತುವಿನಲ್ಲಿಯೂ ಬೀಟಾ ಗ್ಲೋಬಿನ್ ಜೀನು 11ನೆಯ ವರ್ಣತಂತುವಿನಲ್ಲಿಯೂ ಇರುವುದರಿಂದ ಇವೆರಡೂ ಒಂದನ್ನೊಂದು ಅವಲಂಬಿಸಿಲ್ಲ. ಎರಡೂ ಕೂಡಿಬರುವ ಸಾಧ್ಯತೆ 16ರಲ್ಲಿ 3, ಅಂದರೆ ನೂರಕ್ಕೆ ಸುಮಾರು 19. ಮಗು ನಿಮ್ಮಂತೆ ಬರೀ ವಾಹಕವಾಗಿದ್ದರೆ ಅದರಿಂದ ದಾನಕ್ಕೆ ತೊಂದರೆಯಿಲ್ಲ. ಈ ಅಂಕಿಯನ್ನು ಪ್ರತಿನಿಧಿಗಳು ಹೇಳುವುದಿಲ್ಲ. ಬಳ್ಳಿಯ ರಕ್ತವನ್ನು ಇಟ್ಟರೆ ಸಾಕು, ಮಗ ಗುಣವಾದಂತೆಯೇ ಎಂಬ ಭಾವನೆಯನ್ನು ಮೂಡಿಸಿ ಸಹಿ ಮಾಡಿಸಿಕೊಳ್ಳುತ್ತಾರೆ. ಐದರಲ್ಲಿ ಒಂದಕ್ಕಿಂತ ಕಡಿಮೆ ಇರುವ ಸಾಧ್ಯತೆಯನ್ನು ಖಾತರಿಯಂತೆ ಮಾರುವುದು ತಾಯಿಯೊಬ್ಬಳ ಸಂಕಟವನ್ನು ವ್ಯಾಪಾರಕ್ಕಿಡುವ ಕೆಲಸ.

ಆದರೂ ಹೊಕ್ಕುಳಬಳ್ಳಿಯ ರಕ್ತಕ್ಕೆ ನಿಮ್ಮ ಸಂದರ್ಭದಲ್ಲಿ ಸ್ಥಾನವಿದೆ. ಅದರ ಚರಿತ್ರೆ ಶುರುವಾದದ್ದೇ ನಿಮ್ಮಂತಹ ಒಂದು ಕುಟುಂಬದಿಂದ. 1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಅವರು ಫ್ಯಾನ್ಕೋನಿ ಅನೀಮಿಯಾ ಎಂಬ ಆನುವಂಶಿಕ ರಕ್ತರೋಗವಿದ್ದ ಅಮೆರಿಕದ ಬಾಲಕನೊಬ್ಬನಿಗೆ ಅವನ ತಂಗಿಯ ಹೊಕ್ಕುಳಬಳ್ಳಿಯ ರಕ್ತದಿಂದ ಮೊದಲ ಕಸಿ ಮಾಡಿದರು. ಆ ಮಗುವಿಗೆ ಕಾಯಿಲೆ ಇಲ್ಲ, ಎಚ್‌ಎಲ್‌ಎ ಹೊಂದುತ್ತದೆ ಎಂಬುದನ್ನು ಗರ್ಭದಲ್ಲಿರುವಾಗಲೇ ಪರೀಕ್ಷಿಸಿ ತಿಳಿದುಕೊಂಡಿದ್ದರು. ಹೆರಿಗೆಯ ನಂತರ ಎಸೆದುಬಿಡುತ್ತಿದ್ದ ಮಾಸುವಿನಲ್ಲಿ ಉಳಿದ ರಕ್ತದಲ್ಲಿ ಮಜ್ಜೆಯಲ್ಲಿರುವಂತಹ ಕಾಂಡಕೋಶಗಳಿವೆ ಎಂಬುದು ಅಲ್ಲಿಗೆ ಖಚಿತವಾಯಿತು. ಒಡಹುಟ್ಟಿದವರ ಬಳ್ಳಿಯ ರಕ್ತದಿಂದ ಮಾಡಿದ ಕಸಿಯಲ್ಲಿ ಜಿವಿಎಚ್‌ಡಿ ಕಡಿಮೆ ಎಂಬುದು ಅನಂತರದ ಅನುಭವ. ಕಸಿ ಹಿಡಿಯಲು ಮಜ್ಜೆಗಿಂತ ಹೆಚ್ಚು ದಿನ ಬೇಕು ಎಂಬುದು ಅದರ ಇನ್ನೊಂದು ಮುಖ.

ಅದರ ನಿಜವಾದ ಮಿತಿ ಪ್ರಮಾಣದ್ದು. ಬಳ್ಳಿಯಿಂದ ಸಿಗುವುದು ಸಾಮಾನ್ಯವಾಗಿ ನೂರು ಮಿಲಿಲೀಟರಿನ ಆಸುಪಾಸಿನ ರಕ್ತ, ಹಲವು ಬಾರಿ ಅದಕ್ಕಿಂತಲೂ ಕಡಿಮೆ. ಕಸಿಗೆ ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ ಸುಮಾರು 3 ಕೋಟಿ ಕೋಶಕೇಂದ್ರವುಳ್ಳ ಕೋಶಗಳು ಬೇಕೆಂದು ಇಟ್ಟುಕೊಂಡರೆ, 13 ಕಿಲೋ ತೂಗುವ ಮಗುವಿಗೆ ಸುಮಾರು 40 ಕೋಟಿ ಬೇಕು, ಒಳ್ಳೆಯ ಸಂಗ್ರಹದಲ್ಲಿ ಅದು ಸಿಗುತ್ತದೆ. ಅದೇ ಮಗು 30 ಕಿಲೋ ಆಗುವವರೆಗೆ ಕಾದರೆ 90 ಕೋಟಿ ಬೇಕು. 60 ಕಿಲೋ ತೂಗುವ ವಯಸ್ಕರಿಗೆ ಒಂದೇ ಚೀಲದ ರಕ್ತ ಬಹುಮಟ್ಟಿಗೆ ಸಾಲದು. ಆದ್ದರಿಂದ ಇಡೀ ಕುಟುಂಬಕ್ಕೆ ರಕ್ಷಣೆ ಎಂಬ ಮಾತು ಈ ಲೆಕ್ಕದಲ್ಲಿಯೇ ಕುಸಿಯುತ್ತದೆ.

ನಿಮಗೆ ಇನ್ನೊಂದು ಅನುಕೂಲವಿದೆ, ಅದನ್ನೂ ಯಾರೂ ಹೇಳಿರಲಾರರು. ಮಗುವಿನ ಎಚ್‌ಎಲ್‌ಎ ಹೊಂದಿದ್ದೇ ಆದರೆ ಬಳ್ಳಿಯ ರಕ್ತವನ್ನು ಇಡದೆಹೋದರೂ ಅವಕಾಶ ಕೈತಪ್ಪುವುದಿಲ್ಲ, ಏಕೆಂದರೆ ದಾನಿಯೇ ಮನೆಯಲ್ಲಿ ಬೆಳೆಯುತ್ತಿರುತ್ತಾನೆ ಅಥವಾ ಬೆಳೆಯುತ್ತಿರುತ್ತಾಳೆ. ಮಗು ಒಂದೆರಡು ವರ್ಷ ದಾಟಿ ಸಾಕಷ್ಟು ತೂಕ ಬಂದ ಮೇಲೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆಯನ್ನು ತೆಗೆಯಬಹುದು. ಕೊಟ್ಟದ್ದನ್ನು ದೇಹ ಕೆಲವು ವಾರಗಳಲ್ಲಿ ತುಂಬಿಕೊಳ್ಳುತ್ತದೆ. ಬಳ್ಳಿಯ ರಕ್ತವೂ ಇದ್ದು ಅದರ ಪ್ರಮಾಣ ಕಡಿಮೆಯಿದ್ದರೆ ಎರಡನ್ನೂ ಸೇರಿಸಿ ಬಳಸುವ ಪದ್ಧತಿಯೂ ಇದೆ. ವಯಸ್ಕ ದಾನಿಗಳಲ್ಲಿ ಈಗ ಹೆಚ್ಚಾಗಿ ನಾಲ್ಕೈದು ದಿನ ಜಿ-ಸಿಎಸ್‌ಎಫ್ ಎಂಬ ಚುಚ್ಚುಮದ್ದು ಕೊಟ್ಟು, ಮಜ್ಜೆಯಿಂದ ರಕ್ತಪ್ರವಾಹಕ್ಕೆ ಇಳಿದುಬಂದ ಕಾಂಡಕೋಶಗಳನ್ನು ಯಂತ್ರದ ಮೂಲಕ ಸೋಸಿ ತೆಗೆಯುತ್ತಾರೆ. ಹೀಗೆ ರಕ್ತದ ಕಾಂಡಕೋಶಗಳಿಗೆ ಮಜ್ಜೆ, ಹರಿಯುವ ರಕ್ತ ಮತ್ತು ಹೊಕ್ಕುಳಬಳ್ಳಿ ಎಂಬ ಮೂರು ಆಕರಗಳಿವೆ, ಕೋಶ ಮಾತ್ರ ಒಂದೇ.

ಹಾಗಾಗಿ ನನ್ನ ಸಲಹೆ ಹೀಗಿದೆ. ಸಿವಿಎಸ್ ಮಾದರಿಯಲ್ಲಿಯೇ ಎಚ್‌ಎಲ್‌ಎ ಪರೀಕ್ಷೆಯನ್ನೂ ಮಾಡಿಸಲು ಸಾಧ್ಯವೇ ಎಂದು ಕೇಳಿರಿ. ಮಗುವಿಗೆ ಮೇಜರ್ ಇಲ್ಲ ಮತ್ತು ಎಚ್‌ಎಲ್‌ಎ ಹೊಂದುತ್ತದೆ ಎಂದು ತಿಳಿದರೆ ಬಳ್ಳಿಯ ರಕ್ತವನ್ನು ಸಂಗ್ರಹಿಸುವುದು ಸಮಂಜಸ. ಕುಟುಂಬದಲ್ಲಿ ಕಸಿಯಿಂದ ಗುಣವಾಗಬಲ್ಲ ರೋಗಿ ಈಗಾಗಲೇ ಇರುವಾಗ ಹೀಗೆ ಸಂಗ್ರಹಿಸುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, ಒಪ್ಪುತ್ತದೆ. ಎಚ್‌ಎಲ್‌ಎ ಹೊಂದುವುದಿಲ್ಲ ಎಂದು ತಿಳಿದರೆ ಆ ಖರ್ಚು ನಿಮ್ಮ ಮಗನಿಗೆ ಉಪಯೋಗಕ್ಕೆ ಬರುವುದಿಲ್ಲ. ಸಂಗ್ರಹಿಸುವುದಾದರೆ ನಿಮ್ಮ ಮಗನ ಕಸಿ ಕೇಂದ್ರದ ವೈದ್ಯರು, ಪ್ರಸೂತಿ ತಜ್ಞರು ಮತ್ತು ಬ್ಯಾಂಕು ಮೂವರೂ ಮೊದಲೇ ಮಾತನಾಡಿಕೊಂಡಿರಬೇಕು, ಸಂಗ್ರಹವಾದ ಕೋಶಗಳ ಎಣಿಕೆಯ ವರದಿಯನ್ನು ನೀವು ಲಿಖಿತವಾಗಿ ಪಡೆಯಬೇಕು. ಮತ್ತೊಂದು ಎಚ್ಚರಿಕೆ: ಹೆಚ್ಚು ರಕ್ತ ಸಿಗಲೆಂದು ಮಗು ಹುಟ್ಟಿದ ಕೂಡಲೇ ಬಳ್ಳಿಯನ್ನು ಕಟ್ಟಲು ಬಿಡಬೇಡಿ. ಕನಿಷ್ಠ ಒಂದು ನಿಮಿಷ ಕಾದು ಬಳ್ಳಿ ಕಟ್ಟಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಒಂದು ನಿಮಿಷದಲ್ಲಿ ಮಗುವಿಗೆ ಹರಿದುಹೋಗುವ ರಕ್ತ ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣದ ದಾಸ್ತಾನು, ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದನ್ನು ಕಸಿದುಕೊಳ್ಳುವುದು ಸರಿಯಲ್ಲ.

ಎಂಬತ್ತು ಕಾಯಿಲೆಗಳ ಮಾತು ಹೇಗೆ ಹುಟ್ಟಿತು ಎಂದರೆ, ರಕ್ತದ ಕಾಂಡಕೋಶ ಕಸಿಯನ್ನು ಬಳಸುವ ರಕ್ತ, ರೋಗನಿರೋಧಕ ಮತ್ತು ಚಯಾಪಚಯ ಸಂಬಂಧಿ ಕಾಯಿಲೆಗಳ ಪಟ್ಟಿ ನಿಜಕ್ಕೂ ಅಷ್ಟು ಉದ್ದವಿದೆ. ಆದರೆ ಅವುಗಳಲ್ಲಿ ಬಹುಪಾಲು ಕಾಯಿಲೆಗಳಿಗೆ ಬೇಕಾದದ್ದು ಬೇರೊಬ್ಬರ ಕಾಂಡಕೋಶ, ರೋಗಿಯ ಸ್ವಂತದ್ದಲ್ಲ. ಥಲಸ್ಸೇಮಿಯಾ ಇರುವ ಮಗುವಿನ ಬಳ್ಳಿಯ ರಕ್ತದಲ್ಲಿಯೂ ಅದೇ ದೋಷ ಇರುತ್ತದೆ; ಬಾಲ್ಯದ ರಕ್ತಕ್ಯಾನ್ಸರಿನ ಹಲವು ಪ್ರಕರಣಗಳಲ್ಲಿ ಕಾಯಿಲೆಯ ಬೀಜ ಹುಟ್ಟುವಾಗಲೇ ರಕ್ತದಲ್ಲಿ ಇದ್ದದ್ದು ಪತ್ತೆಯಾಗಿದೆ. ಮಗುವೊಂದು ತನ್ನದೇ ಬಳ್ಳಿಯ ರಕ್ತವನ್ನು ಮೊದಲ ಇಪ್ಪತ್ತು ವರ್ಷಗಳಲ್ಲಿ ಬಳಸುವ ಸಾಧ್ಯತೆ 2,500ರಲ್ಲಿ ಒಂದರಿಂದ 2 ಲಕ್ಷದಲ್ಲಿ ಒಂದರವರೆಗೆ ಎಂದು ಅಂದಾಜಿಸಲಾಗಿದೆ. ಆರೋಗ್ಯವಂತ ಕುಟುಂಬಗಳು ಜೈವಿಕ ವಿಮೆಯೆಂದು ಇದಕ್ಕೆ ಹಣ ಕಟ್ಟುವುದನ್ನು ಐಸಿಎಂಆರ್ ಕೂಡ, ಭಾರತೀಯ ಮಕ್ಕಳ ತಜ್ಞರ ಸಂಘ ಕೂಡ ಶಿಫಾರಸು ಮಾಡುವುದಿಲ್ಲ. ತಮ್ಮ ದಾಸ್ತಾನಿನಲ್ಲಿರುವ ಇತರರ ಬಳ್ಳಿರಕ್ತವೂ ನಿಮ್ಮ ಮಗನಿಗೆ ಸಿಗುತ್ತದೆ ಎಂದು ಪ್ರತಿನಿಧಿ ಹೇಳಿದರೆ, ಥಲಸ್ಸೇಮಿಯಾದಲ್ಲಿ ಸಂಬಂಧಿಕರಲ್ಲದವರ ಬಳ್ಳಿರಕ್ತದ ಕಸಿ ಹಿಡಿಯದೆಹೋಗುವ ಪ್ರಮಾಣ ಬಹಳ ಹೆಚ್ಚು ಎಂಬುದನ್ನು ನೆನಪಿಡಿ.

ಹುಟ್ಟುವ ಮಗು ಹೊಂದದಿದ್ದರೆ ದಾರಿಯೇ ಇಲ್ಲವೇ? ಇದೆ. ಸ್ವಯಂಪ್ರೇರಿತ ದಾನಿಗಳ ನೋಂದಣಿ ಸಂಸ್ಥೆಗಳಲ್ಲಿ ಹುಡುಕಿಸಬಹುದು. ಚೆನ್ನೈಯಲ್ಲಿ ಆರಂಭವಾದ ದಾತ್ರಿ ಮತ್ತು ಬೆಂಗಳೂರಿನ ಡಿಕೆಎಂಎಸ್ ಇಂಡಿಯಾ ನಮ್ಮಲ್ಲಿ ಪ್ರಮುಖವಾದವು. ಜಗತ್ತಿನಾದ್ಯಂತ ನೋಂದಾಯಿತ ದಾನಿಗಳ ಸಂಖ್ಯೆ 4 ಕೋಟಿಗೂ ಹೆಚ್ಚು. ಆದರೆ ಎಚ್‌ಎಲ್‌ಎ ಗುರುತುಗಳು ಸಮುದಾಯದಿಂದ ಸಮುದಾಯಕ್ಕೆ ಬದಲಾಗುವುದರಿಂದ, ಹೊರದೇಶದ ಪಟ್ಟಿಗಳಲ್ಲಿ ನಮ್ಮವರಿಗೆ ಹೊಂದುವ ದಾನಿ ಸಿಗುವುದು ಅಪರೂಪ. ನಮ್ಮ ಪಟ್ಟಿಗಳು ಇನ್ನೂ ಚಿಕ್ಕವು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿಕೊಟ್ಟರೆ ಮುಗಿಯುವ ನೋಂದಣಿಗೆ ನಮ್ಮ ಕಾಲೇಜುಗಳ ಯುವಕ ಯುವತಿಯರು ಮುಂದೆ ಬಂದರೆ ಎಷ್ಟೋ ಮಕ್ಕಳ ಹುಡುಕಾಟ ಇಲ್ಲಿಯೇ ಮುಗಿಯುತ್ತದೆ ಎಂಬುದನ್ನು ಈ ಉತ್ತರ ಓದುತ್ತಿರುವ ಇತರರಿಗೂ ಹೇಳಬಯಸುತ್ತೇನೆ. ಪೂರ್ಣವಾಗಿ ಹೊಂದುವವರು ಸಿಗದಿದ್ದಾಗ ತಂದೆ ಅಥವಾ ತಾಯಿಯಿಂದ ಅರ್ಧ ಹೊಂದಿಕೆಯ ಕಸಿ ಮಾಡುವ ವಿಧಾನವೂ ಬಂದಿದೆ. ಅದರ ಫಲಿತಾಂಶ ವರ್ಷದಿಂದ ವರ್ಷಕ್ಕೆ ಉತ್ತಮಗೊಳ್ಳುತ್ತಿದ್ದರೂ ಅಪಾಯ ಹೆಚ್ಚು, ಅನುಭವವಿರುವ ಕೇಂದ್ರದಲ್ಲಿ ಮಾತ್ರ ಮಾಡಿಸಬೇಕು.

ಖರ್ಚಿನ ಮಾತು. ಕೋಲ್ ಇಂಡಿಯಾ ಸಂಸ್ಥೆಯ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಡಿ, ಹೊಂದುವ ದಾನಿ ಮನೆಯಲ್ಲಿರುವ ಅರ್ಹ ಮಕ್ಕಳ ಕಸಿಗೆ 10 ಲಕ್ಷ ರೂಪಾಯಿಯವರೆಗೆ ನೆರವು ದೊರೆಯುತ್ತದೆ. ಬೆಂಗಳೂರಿನ ನಾರಾಯಣ ಹೃದಯಾಲಯ ಮತ್ತು ವೆಲ್ಲೂರಿನ ಸಿಎಂಸಿ ಆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿವೆ. ಬ್ಯಾಂಕಿನ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಈ ಯೋಜನೆಯ ಅರ್ಜಿಯನ್ನು ಕೇಳಿ ಪಡೆಯಿರಿ.

ರೋಗಿಯ ಸ್ವಂತ ಕಾಂಡಕೋಶಗಳನ್ನೇ ತೆಗೆದು, ಜೀನನ್ನು ತಿದ್ದಿ, ಮರಳಿ ಕೊಡುವ ಚಿಕಿತ್ಸೆಯ ಸುದ್ದಿಯನ್ನೂ ನೀವು ಕೇಳಿರಬಹುದು. ಅದು ನಿಜ. ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರವನ್ನು ಬಳಸುವ ಕ್ಯಾಸ್ಗೆವಿ ಎಂಬ ಚಿಕಿತ್ಸೆಗೆ 2023ರ ಕೊನೆಯಲ್ಲಿ ಬ್ರಿಟನ್‌ನಲ್ಲಿಯೂ, ಥಲಸ್ಸೇಮಿಯಾಕ್ಕೆ 2024ರ ಜನವರಿಯಲ್ಲಿ ಅಮೆರಿಕದಲ್ಲಿಯೂ ಅನುಮತಿ ದೊರೆಯಿತು. ಅದು 12 ವರ್ಷ ದಾಟಿದವರಿಗೆಂದು ಬಂದದ್ದು, ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಹತ್ತಿರದ ಆಶಾದಾಯಕ ಸಂಗತಿಯೆಂದರೆ, ವೆಲ್ಲೂರಿನ ಸಿಎಂಸಿಯ ವೈದ್ಯರು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾದ ತಮ್ಮ ಕಾಂಡಕೋಶ ಸಂಶೋಧನಾ ಕೇಂದ್ರದ ಜೊತೆಗೂಡಿ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎ ಕಾಯಿಲೆ ತೀವ್ರವಾಗಿದ್ದ ಐವರಿಗೆ ಇಂತಹ ಜೀನ್ ಚಿಕಿತ್ಸೆ ಕೊಟ್ಟು, ಅವರಲ್ಲಿ ರಕ್ತಸ್ರಾವ ನಿಂತದ್ದನ್ನು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ್ದಾರೆ. ಮುಂದೆ ಜೀನ್ ಚಿಕಿತ್ಸೆಗೆ ಬೇಕಾಗುತ್ತದೆ, ಅದಕ್ಕಾಗಿ ಬಳ್ಳಿಯ ರಕ್ತವನ್ನು ಇಡಿ ಎಂಬ ವಾದವನ್ನು ಯಾರಾದರೂ ಮುಂದಿಟ್ಟರೆ ಒಪ್ಪಬೇಡಿ. ಆ ಚಿಕಿತ್ಸೆಗೆ ಬೇಕಾದ ಕೋಶಗಳನ್ನು ರೋಗಿಯ ದೇಹದಿಂದ ಆಗಲೇ ತೆಗೆಯುತ್ತಾರೆ.

ಇನ್ನು ಮಾವನವರ ವಿಚಾರ. ಹೊಟ್ಟೆಯ ಕೊಬ್ಬಿನಿಂದ ಮತ್ತು ಮಜ್ಜೆಯ ಆಧಾರ ಅಂಗಾಂಶದಿಂದ ಸಿಗುವ ಮೀಸೆಂಕೈಮಲ್ ಕೋಶಗಳು ಬೇರೊಂದು ಬಗೆಯವು. ಪ್ರಯೋಗಾಲಯದಲ್ಲಿ ಅವನ್ನು ಮೂಳೆ, ಮೃದ್ವಸ್ಥಿ, ಕೊಬ್ಬುಗಳಾಗಿ ಮಾರ್ಪಡಿಸಬಹುದು, ಅವು ಉರಿಯೂತವನ್ನು ತಗ್ಗಿಸುವ ವಸ್ತುಗಳನ್ನೂ ಸ್ರವಿಸುತ್ತವೆ. ಆದರೆ ಸತ್ತ ನರಕೋಶದ ಜಾಗದಲ್ಲಿ ಅವು ಹೊಸ ನರಕೋಶವಾಗಿ ನಿಲ್ಲುವುದಿಲ್ಲ. ರಕ್ತನಾಳಕ್ಕೆ ಚುಚ್ಚಿದಾಗ ಬಹುಪಾಲು ಕೋಶಗಳು ಶ್ವಾಸಕೋಶದ ಕಿರುನಾಳಗಳಲ್ಲಿಯೇ ಸಿಕ್ಕಿಕೊಂಡು ಸ್ವಲ್ಪ ಸಮಯದಲ್ಲಿ ನಾಶವಾಗುತ್ತವೆ. ಪಾರ್ಶ್ವವಾಯುವಿಗೆ ರೋಗಿಯ ಸ್ವಂತ ಮಜ್ಜೆಯ ಕೋಶಗಳನ್ನು ಕೊಟ್ಟು ನೋಡುವ ಪ್ರಯೋಗ ನಮ್ಮ ದೇಶದಲ್ಲಿಯೇ, ದೆಹಲಿಯ ಏಮ್ಸ್ ನೇತೃತ್ವದಲ್ಲಿ ಐದು ಆಸ್ಪತ್ರೆಗಳಲ್ಲಿ 120 ರೋಗಿಗಳ ಮೇಲೆ ಕ್ರಮಬದ್ಧವಾಗಿ ನಡೆದು 2014ರಲ್ಲಿ ಪ್ರಕಟವಾಯಿತು. ಕೋಶ ಪಡೆದವರಿಗೂ ಪಡೆಯದವರಿಗೂ ಚೇತರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಪಾರ್ಶ್ವವಾಯುವಾದ ಮೊದಲ ತಿಂಗಳುಗಳಲ್ಲಿ ಕೈಕಾಲುಗಳ ಶಕ್ತಿ ತಾನಾಗಿಯೇ ಒಂದಷ್ಟು ಮರಳುವುದು ಸಹಜ. ಆ ಅವಧಿಯಲ್ಲಿ ಚುಚ್ಚುಮದ್ದು ಕೊಟ್ಟವರು ಚೇತರಿಕೆಯನ್ನು ತಮ್ಮ ಖಾತೆಗೆ ಬರೆದುಕೊಳ್ಳುತ್ತಾರೆ, ಆ ವೀಡಿಯೋಗಳನ್ನೇ ಇತರರಿಗೆ ತೋರಿಸುತ್ತಾರೆ.

ಕೆಡುಕೇನೂ ಆಗದು, ಸ್ವಂತ ಕೋಶಗಳೇ ತಾನೇ ಎಂದು ನಿಮಗೆ ಹೇಳಿರಬಹುದು. ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ಮಹಿಳೆಯರಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿದ ಪರಿಣಾಮವಾಗಿ ಅವರ ದೃಷ್ಟಿ ತೀವ್ರವಾಗಿ ನಷ್ಟವಾಯಿತು. ಇಸ್ರೇಲಿನ ಬಾಲಕನೊಬ್ಬನಿಗೆ ಮಾಸ್ಕೋದಲ್ಲಿ ಭ್ರೂಣದ ನರಕೋಶಗಳನ್ನು ಚುಚ್ಚಿದ ಕೆಲವು ವರ್ಷಗಳ ನಂತರ ಮೆದುಳು ಮತ್ತು ಬೆನ್ನುಹುರಿಯಲ್ಲಿ ಗಡ್ಡೆಗಳು ಬೆಳೆದವು. ಆ ಗಡ್ಡೆಯ ಕೋಶಗಳು ದಾನಿಗಳದ್ದು ಎಂದು 2009ರಲ್ಲಿ ವರದಿಯಾಯಿತು. ನಮ್ಮ ದೇಶದ ನಿಯಮವೂ ಸ್ಪಷ್ಟವಾಗಿದೆ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ, ಮಾನ್ಯವಾದ ಕಾಯಿಲೆಗಳಿಗೆ ಮಾಡುವ ರಕ್ತದ ಕಾಂಡಕೋಶ ಕಸಿಯನ್ನು ಬಿಟ್ಟು ಉಳಿದ ಯಾವುದೇ ಬಳಕೆ ಅನುಮತಿ ಪಡೆದ ಕ್ಲಿನಿಕಲ್ ಪ್ರಯೋಗದಲ್ಲಿ ಮಾತ್ರ ನಡೆಯಬೇಕು, ಪ್ರಯೋಗಕ್ಕೆ ಸೇರಿದವರಿಂದ ಅದಕ್ಕಾಗಿ ಹಣ ತೆಗೆದುಕೊಳ್ಳುವಂತಿಲ್ಲ. ಕ್ಲಿನಿಕ್‌ನವರು ನಮ್ಮದು ನೋಂದಾಯಿತ ಪ್ರಯೋಗ ಎಂದು, ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐ ಸಂಖ್ಯೆಯನ್ನು ತೋರಿಸಿದರೆ ಅಷ್ಟಕ್ಕೇ ಒಪ್ಪದೆ, ಕೇಂದ್ರ ಔಷಧ ನಿಯಂತ್ರಕರ ಅನುಮತಿ ಪತ್ರವನ್ನೂ ನೈತಿಕ ಸಮಿತಿಯ ಒಪ್ಪಿಗೆಯನ್ನೂ ಕೇಳಿರಿ, ಏಕೆಂದರೆ ಸಿಟಿಆರ್‌ಐ ಒಂದು ದಾಖಲೆ ಪಟ್ಟಿಯೇ ಹೊರತು ಪರವಾನಗಿಯಲ್ಲ.

ಮೀಸೆಂಕೈಮಲ್ ಕೋಶಗಳಿಂದ ಏನೂ ಸಾಧ್ಯವಿಲ್ಲ ಎಂದು ಇದರ ಅರ್ಥವಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ದಾನಿಗಳ ಮಜ್ಜೆಯಿಂದ ತಯಾರಿಸಿದ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನಕ್ಕೆ, ಕಾಲಿನ ರಕ್ತನಾಳಗಳು ಕಟ್ಟಿಕೊಂಡು ಬೆರಳುಗಳು ಕೊಳೆಯುವ, ಬೀಡಿ ಸಿಗರೇಟು ಸೇದುವವರನ್ನು ಹೆಚ್ಚಾಗಿ ಕಾಡುವ ಬರ್ಜರ್ ಕಾಯಿಲೆಯಲ್ಲಿ ಮತ್ತು ಆನಂತರ ಮೊಣಕಾಲಿನ ಸವೆತದಲ್ಲಿ ಬಳಸಲು ಭಾರತದ ಔಷಧ ನಿಯಂತ್ರಕರು ಅನುಮತಿ ಕೊಟ್ಟಿದ್ದಾರೆ. ಪ್ರಯೋಗ, ದತ್ತಾಂಶ, ಪರಿಶೀಲನೆ ಎಂಬ ದಾರಿಯಲ್ಲಿ ಬಂದ ಇಂತಹ ನಿರ್ದಿಷ್ಟ ಉತ್ಪನ್ನಕ್ಕೂ, ಕ್ಲಿನಿಕ್ಕಿನ ಕೋಣೆಯಲ್ಲಿ ಕೊಬ್ಬನ್ನು ತೊಳೆದು ಸಕಲ ರೋಗಕ್ಕೂ ಚುಚ್ಚುವುದಕ್ಕೂ ಅಜಗಜಾಂತರವಿದೆ. ಅಂಗಾಂಶಕ್ಕೆ ತಕ್ಕ ಕೋಶವನ್ನು ಆರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಕಣ್ಣಿನ ಚಿಕಿತ್ಸೆ ಸೊಗಸಾದ ಉದಾಹರಣೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಸಿಡಿದು ಕಣ್ಣು ಸುಟ್ಟುಕೊಳ್ಳುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಲಿಂಬಲ್ ಕಾಂಡಕೋಶಗಳು ನಾಶವಾದಾಗ ಆ ಕಣ್ಣಿಗೆ ಬರೀ ಕಾರ್ನಿಯಾ ಕಸಿ ಮಾಡಿದರೆ ನಿಲ್ಲುವುದಿಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೈದ್ಯರು ಆರೋಗ್ಯವಂತ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರಿನಷ್ಟು ಚೂರನ್ನು ತೆಗೆದು, ತುಣುಕುಗಳಾಗಿಸಿ, ಸುಟ್ಟ ಕಣ್ಣಿನ ಮೇಲೆ ನೆಡುವ ಸ್ಲೆಟ್ ಎಂಬ ವಿಧಾನವನ್ನು 2012ರಲ್ಲಿ ಪ್ರಕಟಿಸಿದರು. ದುಬಾರಿ ಪ್ರಯೋಗಾಲಯದ ಅಗತ್ಯವಿಲ್ಲದ ಈ ಶಸ್ತ್ರಕ್ರಿಯೆ ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ಯಾವ ಕೋಶವಾಗಿಯಾದರೂ ಬೆಳೆಯಬಲ್ಲ ಕಾಂಡಕೋಶಗಳೂ ಇವೆ. ಕೆಲವೇ ದಿನಗಳ ಭ್ರೂಣದಿಂದ ಅವನ್ನು 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಬೇರ್ಪಡಿಸಿದರು. ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ ಮತ್ತು 2007ರಲ್ಲಿ ಮನುಷ್ಯನ ಚರ್ಮದ ಕೋಶಗಳಿಗೆ ನಾಲ್ಕು ಜೀನುಗಳನ್ನು ಸೇರಿಸಿ ಅವನ್ನು ಅದೇ ಸ್ಥಿತಿಗೆ ಮರಳಿಸಿದರು. ಭ್ರೂಣವನ್ನು ಬಳಸುವ ನೈತಿಕ ತೊಡಕನ್ನು ಬಹುಮಟ್ಟಿಗೆ ದೂರಮಾಡಿದ ಆ ಕೆಲಸಕ್ಕೆ 2012ರಲ್ಲಿ ನೊಬೆಲ್ ಬಂತು. ಇಂತಹ ಕೋಶಗಳಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಪಡೆದ 12 ಮಂದಿ ಟೈಪ್ 1 ಮಧುಮೇಹಿಗಳಲ್ಲಿ 10 ಮಂದಿಗೆ ಒಂದು ವರ್ಷದ ನಂತರ ಇನ್ಸುಲಿನ್ ಚುಚ್ಚಿಕೊಳ್ಳುವ ಅಗತ್ಯವಿರಲಿಲ್ಲ ಎಂದು 2025ರಲ್ಲಿ ವರದಿಯಾಗಿದೆ, ಪಾರ್ಕಿನ್ಸನ್ ಕಾಯಿಲೆಯಲ್ಲಿ ಕ್ಯೋಟೋದ ವೈದ್ಯರ ಆರಂಭಿಕ ಪ್ರಯೋಗವೂ ಸುರಕ್ಷಿತವೆಂದು ಅದೇ ವರ್ಷ ಕಂಡುಬಂದಿದೆ. ಇವು ಇಂತಹ ಕ್ಲಿನಿಕ್ಕುಗಳಲ್ಲಿ ಸಿಗುವ ಚಿಕಿತ್ಸೆಗಳಲ್ಲ. ಇವನ್ನು ತೋರಿಸಿ ಕೊಬ್ಬಿನ ಕೋಶಗಳನ್ನು ಮಾರುವವರ ಮಾತಿಗೆ ಕಿವಿಗೊಡಬೇಡಿ. ಮಾವನವರಿಗೆ ದಿನವೂ ತಪ್ಪದ ಫಿಸಿಯೋಥೆರಪಿ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ, ಇನ್ನೊಮ್ಮೆ ಪಾರ್ಶ್ವವಾಯು ಬಾರದಂತೆ ತಡೆಯುವ ಮಾತ್ರೆಗಳು ಇವುಗಳಿಂದ ಆಗುವ ಒಳಿತು ಸಾಬೀತಾಗಿದೆ; ಹಣವನ್ನು ಅದಕ್ಕೆ ಬಳಸಿರಿ.

ಕೊನೆಯದಾಗಿ ಮತ್ತೆ ಮಗನ ಬಳಿಗೆ. ದಾನಿ ಈ ವರ್ಷ ಸಿಗಲಿ, ಮೂರು ವರ್ಷಗಳ ನಂತರ ಸಿಗಲಿ, ಕಸಿಯ ದಿನ ಅವನ ಯಕೃತ್ತು ಹೇಗಿರುತ್ತದೆ ಎಂಬುದೇ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇಟಲಿಯ ಪೆಸಾರೋದಲ್ಲಿ ನೂರಾರು ಥಲಸ್ಸೇಮಿಯಾ ಕಸಿಗಳನ್ನು ಮಾಡಿದ ಡಾ. ಗ್ವಿಡೋ ಲುಕಾರೆಲ್ಲಿ ಅವರ ತಂಡ ಗುರುತಿಸಿದ ಅಪಾಯದ ಅಂಶಗಳು ಮೂರು: ಯಕೃತ್ತು ದೊಡ್ಡದಾಗಿರುವುದು, ಅದರಲ್ಲಿ ನಾರು ಬೆಳೆದಿರುವುದು, ಪದೇ ಪದೇ ಹಾಕಿಸುವ ರಕ್ತದಿಂದ ದೇಹದಲ್ಲಿ ಸೇರಿಕೊಳ್ಳುವ ಕಬ್ಬಿಣವನ್ನು ಇಳಿಸುವ ಔಷಧವನ್ನು ಸರಿಯಾಗಿ ಕೊಡದಿರುವುದು. ಮೂರನೆಯದು ನಿಮ್ಮ ಕೈಯಲ್ಲಿದೆ, ಮೊದಲೆರಡನ್ನು ಬಹುಮಟ್ಟಿಗೆ ತಡೆಯುವುದೂ ಅದೇ. ಕಬ್ಬಿಣ ಇಳಿಸುವ ಡೆಫೆರಾಸಿರಾಕ್ಸ್ ಮಾತ್ರೆಯನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಒಂದು ದಿನವೂ ತಪ್ಪಿಸದೆ ಕೊಡಿ, ಮೂರು ತಿಂಗಳಿಗೊಮ್ಮೆ ದೇಹದ ಕಬ್ಬಿಣದ ದಾಸ್ತಾನನ್ನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, ರಕ್ತ ಹಾಕಿಸುವಾಗ ಬಿಳಿಕಣಗಳನ್ನು ಸೋಸಿದ ರಕ್ತವನ್ನೇ ಕೇಳಿ ಪಡೆಯಿರಿ. ಸಂಬಂಧಿಕರ ರಕ್ತವನ್ನು ಅವನಿಗೆ ಹಾಕಿಸಬೇಡಿ. ಮುಂದೆ ಅವರೇ ದಾನಿಯಾಗಬೇಕಾಗಿ ಬಂದರೆ ಅವನ ದೇಹ ಆ ಕೋಶಗಳನ್ನು ತಿರಸ್ಕರಿಸುವ ಅಪಾಯ ಅದರಿಂದ ಹೆಚ್ಚುತ್ತದೆ. ತಳಿವಿಜ್ಞಾನ ತಜ್ಞರ ಬಳಿ ಹೋಗುವಾಗ ಮಗನಿಗೆ ಮೊದಲ ಬಾರಿ ರಕ್ತ ಹಾಕಿಸುವ ಮುನ್ನ ಮಾಡಿಸಿದ, ಹಿಮೋಗ್ಲೋಬಿನ್ನಿನ ಬಗೆಗಳನ್ನು ತೋರಿಸುವ ಎಚ್‌ಪಿಎಲ್‌ಸಿ ವರದಿ, ವಾಹಕರೆಂಬುದನ್ನು ತೋರಿಸುವ ನಿಮ್ಮಿಬ್ಬರ ಎಚ್‌ಬಿಎ2 ವರದಿ ಮತ್ತು ಈ ಗರ್ಭದ ಮೊದಲ ಸ್ಕ್ಯಾನ್ ಜೊತೆಗಿರಲಿ.